ಟ್ರೆಡ್‌ಮಿಲ್‌ನ ಡ್ರೈವ್ ಬೆಲ್ಟ್ ಬದಲಿಸುವುದು: ಬಿಚ್ಚುವ ಕ್ರಮವೇ ಅರ್ಧ ಕೆಲಸ

ಹೊಸ ಬೆಲ್ಟ್ ತಂದಾಗಿದೆ. ಮೋಟರಿನ ಬೋಲ್ಟ್ ಸಡಿಲ ಮಾಡಿಯೂ ಆಗಿದೆ. ಹಳೆ ಬೆಲ್ಟ್ ಜೋತುಬಿದ್ದಿದೆ, ಆದರೆ ಹೊರಗೆ ಮಾತ್ರ ಬರುತ್ತಿಲ್ಲ. ಮನೆಯಲ್ಲೇ ಈ ಕೆಲಸ ಮಾಡಲು ಕೂತವರು ಹೆಚ್ಚಾಗಿ ಸಿಕ್ಕಿಕೊಳ್ಳುವುದು ಇಲ್ಲೇ. ಕೆಲವರು ಹಳೆಯದನ್ನು ಕತ್ತರಿಸಿ ತೆಗೆಯುತ್ತಾರೆ. ಆದರೆ ಹೊಸದನ್ನು ಕತ್ತರಿಸಿ ಹಾಕಲು ಆಗುವುದಿಲ್ಲವಲ್ಲ!

ಡ್ರೈವ್ ಬೆಲ್ಟ್ (ಮೋಟರಿನಿಂದ ಮುಂದಿನ ರೋಲರಿಗೆ ಬಲ ದಾಟಿಸುವ ಪಟ್ಟಿ) ಬಳೆ ಇದ್ದ ಹಾಗೆ. ಬಳೆ ತೊಡಿಸಬೇಕಾದರೆ ಬೆರಳ ತುದಿಯಿಂದಲೇ ಏರಿಸಬೇಕು, ಅಲ್ವಾ? ಇಲ್ಲಿ ಆ ತುದಿ ಎಂದರೆ ಮುಂದಿನ ರೋಲರಿನ, ಅಂದರೆ ನಾವು ನಡೆಯುವ ಬೆಲ್ಟನ್ನು ತಿರುಗಿಸುವ ಉರುಳೆಯ ತುದಿ. ಅದು ಫ್ರೇಮಿಗೆ ಬೋಲ್ಟ್ ಆಗಿರುತ್ತದೆ. ಆ ತುದಿಯನ್ನು ಫ್ರೇಮಿನಿಂದ ಎತ್ತದೆ ಬೆಲ್ಟ್ ಒಳಗೂ ಹೋಗದು, ಹೊರಗೂ ಬಾರದು. ರೋಲರ್ ಎತ್ತಬೇಕಾದರೆ ನಾವು ನಡೆಯುವ ಬೆಲ್ಟು ಮೊದಲು ಸಡಿಲ ಆಗಬೇಕು. ಅದನ್ನು ಸಡಿಲ ಮಾಡುವಾಗ ಎಷ್ಟು ಸುತ್ತು ತಿರುಗಿಸಿದೆವು ಎಂದು ಬರೆದಿಟ್ಟುಕೊಳ್ಳಬೇಕು. ಈ ಸರಣಿ ಮನಸ್ಸಿನಲ್ಲಿ ಕೂತರೆ ಉಳಿದದ್ದು ಎರಡು ಗಂಟೆಯ ಕೆಲಸ.

## ಶುರುವಿಗೆ ಮುಂಚೆ: ಜಾರುತ್ತಿರುವುದು ಯಾವ ಬೆಲ್ಟ್?

ಟ್ರೆಡ್‌ಮಿಲ್‌ನಲ್ಲಿ ಬೆಲ್ಟ್ ಎರಡು. ಕಾಲಡಿಯ ಅಗಲವಾದದ್ದು ರನ್ನಿಂಗ್ ಬೆಲ್ಟ್. ಮೋಟರ್ ಕವರಿನ ಒಳಗೆ, ಮೋಟರಿನಿಂದ ಮುಂದಿನ ರೋಲರಿಗೆ ತಿರುಗುವ ಬಲ ದಾಟಿಸುವ ಸಣ್ಣ ಪಟ್ಟಿ ಡ್ರೈವ್ ಬೆಲ್ಟ್. ಅಂಗಡಿಗಳಲ್ಲಿ ಇದನ್ನು ಮೋಟರ್ ಬೆಲ್ಟ್ ಅಂತಲೂ ಕರೆಯುತ್ತಾರೆ. ಯಾವುದು ಜಾರಿದರೂ ನಡೆಯುವವರ ಕಾಲಿಗೆ ಒಂದೇ ಥರ ಅನಿಸುತ್ತದೆ. ಹಾಗಾಗಿ ತಪ್ಪು ಬೆಲ್ಟ್ ತರಿಸಿಕೊಂಡವರು ಬಹಳ.

ನಮ್ಮ ಅಮ್ಮನ ಟ್ರೆಡ್‌ಮಿಲ್‌ನಲ್ಲೂ ಹೀಗೇ ಶುರುವಾಯಿತು. "ಹೆಜ್ಜೆ ಊರಿದಾಗೆಲ್ಲ ಕಾಲು ಹಿಡಿದು ಬಿಟ್ಟ ಹಾಗಾಗುತ್ತೆ ಕಣೋ" ಎಂದರು. ನೋಡಲು ಬಂದವರು ಮೋಟರ್ ಹೋಗಿದೆ ಎಂದು ಹೇಳಿ ಹೋದರು. ಕವರ್ ತೆಗೆದು ನೋಡಿದರೆ ಪುಲಿಯ (ಬೆಲ್ಟ್ ಕೂರುವ ಗಾಲಿಯ) ಕೆಳಗೆ ಬಿಳಿ ಟೈಲ್ಸ್ ಮೇಲೆ ಕಾಡಿಗೆಯಂಥ ಕಪ್ಪು ಪುಡಿ, ಒಂದು ಗೆರೆಯ ಹಾಗೆ ಬಿದ್ದಿತ್ತು. ಬೆಲ್ಟಿನ ಒಳಮೈಯಲ್ಲಿ 6 ರಿಬ್ (ಉದ್ದುದ್ದ ಏಣು) ಇರಬೇಕಾದ ಕಡೆ 4 ಮಾತ್ರ ಉಳಿದಿದ್ದವು. ಮೋಟರಿಗೆ ಏನೂ ಆಗಿರಲಿಲ್ಲ.

ಡ್ರೈವ್ ಬೆಲ್ಟ್ ಸವೆದಿದ್ದರೆ ಕಾಣುವ ಗುರುತುಗಳು ಇವು: ಕವರಿನೊಳಗೆ ಕಪ್ಪು ರಬ್ಬರ್ ಪುಡಿ, ಶುರು ಮಾಡಿದಾಗ ಕೀರಲು ಸದ್ದು, ಸುಟ್ಟ ರಬ್ಬರಿನ ವಾಸನೆ, ರಿಬ್‌ಗಳಲ್ಲಿ ಅಡ್ಡ ಬಿರುಕು, ಒಳಮೈ ಗಾಜಿನಂತೆ ಹೊಳೆಯುವುದು, ಅಂಚಿನಲ್ಲಿ ನೂಲು ಕಿತ್ತು ಬರುವುದು.

ಖಾತ್ರಿಗೆ ಒಂದು ಪರೀಕ್ಷೆ ಇದೆ. ಇದಕ್ಕೆ ಇಬ್ಬರು ಬೇಕು. ಪ್ಲಗ್ ತೆಗೆದು, 10 ನಿಮಿಷ ಕಾದು, ಕವರ್ ಬಿಚ್ಚಿ, ರೋಲರಿನ ಪುಲಿಗೂ ಮೋಟರಿನ ಪುಲಿಗೂ ವೈಟ್ನರಿನಿಂದ ಒಂದೊಂದು ಚುಕ್ಕೆ ಇಡಿ. ಆಮೇಲೆ ಪ್ಲಗ್ ಹಾಕಿ, ಗಂಟೆಗೆ 2 ಕಿ.ಮೀ. ವೇಗದಲ್ಲಿ ಓಡಿಸಿ. ಒಬ್ಬರು ಎರಡೂ ಕೈಯಲ್ಲಿ ಕಂಬಿ ಹಿಡಿದು, ಸೇಫ್ಟಿ ಕೀ (ಎಳೆದರೆ ಮಷೀನ್ ನಿಲ್ಲಿಸುವ, ದಾರ ಕಟ್ಟಿದ ಕೀ) ಬಟ್ಟೆಗೆ ಸಿಕ್ಕಿಸಿಕೊಂಡು, ಕಾಲಿನಿಂದ ಬೆಲ್ಟನ್ನು ಮೆಲ್ಲಗೆ ತಡೆಯಲಿ. ಇನ್ನೊಬ್ಬರು ನಾಲ್ಕು ಅಡಿ ದೂರದಿಂದ ಟಾರ್ಚ್ ಬಿಟ್ಟು ಚುಕ್ಕೆಗಳನ್ನು ನೋಡಲಿ. ಯಾರೂ ಒಳಗೆ ಕೈ ಹಾಕಬಾರದು. ಮಂಡಿನೋವು ಇರುವವರು ಕಾಲಿಡುವ ಕೆಲಸ ಬೇರೆಯವರಿಗೆ ಬಿಡಿ.

ಕಾಲಡಿಯ ಬೆಲ್ಟ್ ನಿಂತರೂ ರೋಲರ್ ತಿರುಗುತ್ತಿದ್ದರೆ ರನ್ನಿಂಗ್ ಬೆಲ್ಟ್ ಸಡಿಲ ಎಂದರ್ಥ. ರೋಲರ್ ನಿಂತು ಮೋಟರ್ ಮಾತ್ರ ತಿರುಗುತ್ತಿದ್ದರೆ ಡ್ರೈವ್ ಬೆಲ್ಟಿನದೇ ತೊಂದರೆ. ಮೋಟರೂ ಜೊತೆಗೇ ನಿಂತರೆ ತೊಂದರೆ ಬೆಲ್ಟಿನದಲ್ಲ, ಮೋಟರ್ ಅಥವಾ ಅದನ್ನು ನಡೆಸುವ ಕಂಟ್ರೋಲರ್ ಬೋರ್ಡಿನದು. ಆಗ ಈ ಮಾರ್ಗದರ್ಶಿ ನಿಮ್ಮ ಕೆಲಸಕ್ಕೆ ಬರುವುದಿಲ್ಲ.

ವಾರಂಟಿ ಇನ್ನೂ ಇದ್ದರೆ ಕವರ್ ಬಿಚ್ಚುವ ಮೊದಲೇ ಅದರ ಷರತ್ತು ಓದಿ. ನಾವೇ ಬಿಚ್ಚಿದ್ದಕ್ಕೆ ವಾರಂಟಿ ಕಳೆದುಕೊಳ್ಳುವುದು ಬೇಡ.

## ಬೆಲ್ಟಿನ ನಂಬರ್ ಓದುವುದು ಹೇಗೆ

ಮನೆಯ ಟ್ರೆಡ್‌ಮಿಲ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಪಾಲಿ-ವಿ ಬೆಲ್ಟ್ (ಒಳಮೈಯಲ್ಲಿ ಸಾಲಾಗಿ ರಿಬ್ ಇರುವ ಬಗೆ), ಅದರಲ್ಲೂ 'ಜೆ' ಸೈಜಿನದು. ಬೆಲ್ಟಿನ ಹೊರಮೈ ಮೇಲೆ 180ಜೆ6 ಅಥವಾ 190ಜೆ6 ಥರದ ನಂಬರ್ ಇರುತ್ತದೆ. 180 ಎಂದರೆ 18.0 ಇಂಚು, ಅಂದರೆ 457 ಮಿ.ಮೀ. ಸುತ್ತಳತೆ. 6 ಎಂದರೆ 6 ರಿಬ್. ಇದನ್ನೇ ಕೆಲವರು 6ಪಿಜೆ457 ಎಂದು ಅಚ್ಚು ಹಾಕುತ್ತಾರೆ. ಎರಡೂ ಒಂದೇ.

ಇಲ್ಲಿ ಒಂದು ಎಡವಟ್ಟು ಆಗುತ್ತದೆ. ವಾಷಿಂಗ್ ಮಷೀನಿನ ಬೆಲ್ಟೂ ಇದೇ ಜಾತಿಯದು, ಅದರ ಮೇಲೆ 1270ಜೆ5 ಎಂದು ಬರೆದಿರುತ್ತದೆ. ಅಲ್ಲಿ 1270 ಮಿ.ಮೀ. ಲೆಕ್ಕ, ಇಂಚಿನ ಹತ್ತನೇ ಭಾಗದ ಲೆಕ್ಕ ಅಲ್ಲ. ಅಂಗಡಿಯವರಿಗೆ ಫೋನಿನಲ್ಲಿ ನಂಬರ್ ಮಾತ್ರ ಹೇಳಿದರೆ ಗೊಂದಲ ಆಗುತ್ತದೆ. ಉದ್ದವನ್ನು ಮಿ.ಮೀ.ನಲ್ಲಿ ಹೇಳಿ, ರಿಬ್ ಎಷ್ಟು ಎಂದು ಬೇರೆಯಾಗಿ ಹೇಳಿ, ಟ್ರೆಡ್‌ಮಿಲ್‌ಗೆ ಎಂದೂ ಹೇಳಿ. ವಾಷಿಂಗ್ ಮಷೀನಿನ ಬೆಲ್ಟ್‌ಗಳಲ್ಲಿ ರಬ್ಬರ್ ಬ್ಯಾಂಡಿನಂತೆ ಹಿಗ್ಗುವ ಬಗೆಯೂ ಇದೆ. ಅದು ಇಲ್ಲಿಗೆ ಆಗದು.

ನಂಬರ್ ಅಳಿಸಿಹೋಗಿದ್ದರೆ? ಮೊದಲ ದಾರಿ, ಟ್ರೆಡ್‌ಮಿಲ್‌ನ ಮಾಡೆಲ್ ನಂಬರಿನಿಂದ ತರಿಸುವುದು. ಅದು ಫ್ರೇಮಿನ ಸ್ಟಿಕರ್ ಮೇಲೆ ಇರುತ್ತದೆ. ಎರಡನೇ ದಾರಿ, ಹಳೆ ಬೆಲ್ಟಿನ ಹೊರಮೈಗೆ ಟೈಲರ್ ಟೇಪ್ ಸುತ್ತಿ ಅಳೆಯುವುದು. ಬೆಲ್ಟ್ ಹರಿದೇ ಹೋಗಿದ್ದರೆ ಮೋಟರನ್ನು ಅದರ ಸ್ಲಾಟಿನ (ಬೋಲ್ಟ್ ಸರಿಯುವ ಉದ್ದನೆಯ ತೂತಿನ) ನಡುಮಧ್ಯಕ್ಕೆ ತಂದು, ಎರಡು ಪುಲಿಗಳ ಸುತ್ತ ಗಟ್ಟಿ ನೂಲು ಸುತ್ತಿ ಅದರ ಉದ್ದ ಅಳೆಯಿರಿ. ಇದಕ್ಕೆ ಹತ್ತಿರದ ಸೈಜ್ ಸಾಕು. ಮೋಟರ್ ಹಿಂದೆ ಮುಂದೆ ಸರಿಯುವುದರಿಂದ ಕೆಲವು ಮಿ.ಮೀ. ವ್ಯತ್ಯಾಸ ಹೊಂದಿಕೊಳ್ಳುತ್ತದೆ. ರಿಬ್ ಎಣಿಸುವಾಗ ಬೆಲ್ಟಿನದನ್ನೇ ಎಣಿಸಿ, ಪುಲಿಯದನ್ನಲ್ಲ. ಪುಲಿಯಲ್ಲಿ ಒಂದೆರಡು ಗ್ರೂವ್ (ರಿಬ್ ಕೂರುವ ತೋಡು) ಜಾಸ್ತಿ ಇರುವುದುಂಟು.

ಆನ್‌ಲೈನ್ ಬೇಡ ಎಂದರೆ ಬೇರಿಂಗ್ ಮತ್ತು ಬೆಲ್ಟ್ ಮಾರುವ ಅಂಗಡಿಗೆ ಹಳೆ ಬೆಲ್ಟ್ ತೆಗೆದುಕೊಂಡು ಹೋಗಿ. ಬೆಂಗಳೂರಿನಲ್ಲಿ ಎಸ್‌ಜೆಪಿ ರಸ್ತೆ ಕಡೆ ಇಂಥ ಅಂಗಡಿಗಳಿವೆ. ಬೇರೆ ಊರುಗಳಲ್ಲೂ ಪಂಪ್‌ಸೆಟ್, ಹಿಟ್ಟಿನ ಗಿರಣಿಗೆ ಬೆಲ್ಟ್ ಮಾರುವವರನ್ನು ಕೇಳಿ ನೋಡಿ.

## ಕೈಗೆ ಇರಬೇಕಾದ ಸಾಮಾನು

ಸ್ಟಾರ್ ಸ್ಕ್ರೂಡ್ರೈವರ್, ಅಲೆನ್ ಕೀ ಸೆಟ್ (5 ಮತ್ತು 6 ಮಿ.ಮೀ. ಬಹಳ ಬಳಕೆಯಾಗುತ್ತವೆ), ಸ್ಪ್ಯಾನರ್ ಸೆಟ್, ಟಾರ್ಚ್, ವೈಟ್ನರ್ ಅಥವಾ ಮಾರ್ಕರ್, ಸ್ಟೀಲ್ ಸ್ಕೇಲ್, ಒಣ ಪೇಂಟ್ ಬ್ರಷ್, ಕಾಟನ್ ಬಟ್ಟೆ, ಸ್ಪಿರಿಟ್, ಸ್ಕ್ರೂ ಹಾಕಿಡಲು ಎರಡು ಬಟ್ಟಲು. ಫೋಟೋ ತೆಗೆಯಲು ಫೋನ್. ರೋಲರ್ ಎತ್ತಿ ಹಿಡಿಯಲು ಇನ್ನೊಬ್ಬರು ಇದ್ದರೆ ಒಳ್ಳೆಯದು.

ಬಟ್ಟಲು ಎರಡು ಯಾಕೆಂದರೆ, ಕವರಿನ ಸ್ಕ್ರೂ ಬೇರೆ, ರೋಲರಿನ ಬೋಲ್ಟ್ ವಾಷರ್ ಬೇರೆ. ಒಂದರಲ್ಲೇ ಸುರಿದರೆ ಕೊನೆಗೆ ಯಾವುದು ಎಲ್ಲಿಯದು ಎಂದು ತಿಳಿಯುವುದಿಲ್ಲ.

## ಹಂತ 1: ಕರೆಂಟ್ ಪೂರ್ತಿ ತೆಗೆಯಿರಿ

ಸ್ವಿಚ್ ಆಫ್ ಮಾಡಿದರೆ ಸಾಲದು. ಪ್ಲಗ್ ಕಿತ್ತು, ಕಣ್ಣಿಗೆ ಕಾಣುವ ಕಡೆ ನೆಲದ ಮೇಲೆ ಇಡಿ. ಆಮೇಲೆ 10 ನಿಮಿಷ ಸುಮ್ನೆ ಬಿಡಿ. ಕಂಟ್ರೋಲರ್ ಬೋರ್ಡಿನಲ್ಲಿ ಕರೆಂಟ್ ಕೂಡಿಟ್ಟುಕೊಳ್ಳುವ ದಪ್ಪ ಕೆಪ್ಯಾಸಿಟರ್ ಇದ್ದರೆ ನಮ್ಮ 230 ವೋಲ್ಟ್ ಅಲ್ಲಿ ಡಿಸಿ ಆಗಿ 300 ವೋಲ್ಟಿಗೂ ಮೇಲೆ ನಿಂತಿರುತ್ತದೆ. ಪ್ಲಗ್ ತೆಗೆದ ತಕ್ಷಣ ಅದು ಇಳಿಯುವುದಿಲ್ಲ. ಬೋರ್ಡಿನ ಸಣ್ಣ ದೀಪ ಆರಿದ ಮೇಲೂ ಬೋರ್ಡಿಗೆ ಬೆರಳು ತಾಗಿಸಬೇಡಿ. ಈ ಕೆಲಸಕ್ಕೆ ಬೋರ್ಡ್ ಮುಟ್ಟುವ ಅಗತ್ಯವೇ ಇಲ್ಲ.

ಮಡಚುವ ಟ್ರೆಡ್‌ಮಿಲ್ ಆದರೆ ಪೂರ್ತಿ ನೆಲಕ್ಕೆ ಇಳಿಸಿ. ಸೆರಗು, ದುಪಟ್ಟಾ, ಬಿಟ್ಟ ಜಡೆ, ಕೊರಳ ಸರ ಎಲ್ಲ ಬಿಗಿಯಾಗಿ ಕಟ್ಟಿಕೊಳ್ಳಿ. ಮಕ್ಕಳನ್ನು ಬೇರೆ ಕೋಣೆಗೆ ಕಳಿಸಿ.

## ಹಂತ 2: ಕವರ್ ಬಿಚ್ಚಿ, ಫೋಟೋ ತೆಗೆಯಿರಿ

ಮೋಟರ್ ಕವರಿಗೆ ನಾಲ್ಕಾರು ಸ್ಕ್ರೂ ಇರುತ್ತವೆ, ಒಂದೆರಡು ಪಕ್ಕದಲ್ಲಿ ಅಡಗಿರಬಹುದು. ಕವರ್ ಬರದಿದ್ದರೆ ಜಗ್ಗಬೇಡಿ, ಇನ್ನೂ ಒಂದು ಸ್ಕ್ರೂ ಉಳಿದಿದೆ ಎಂದೇ ಲೆಕ್ಕ. ಪ್ಲಾಸ್ಟಿಕ್ ಸೀಳಿದರೆ ಕವರ್ ಆಮೇಲೆ ಸದಾ ನಡುಗುತ್ತದೆ.

ತೆಗೆದ ಮೇಲೆ ಮೂರು ಫೋಟೋ: ಮೇಲಿನಿಂದ ಒಂದು, ಬೆಲ್ಟ್ ಪುಲಿಯ ಯಾವ ಗ್ರೂವಿನಲ್ಲಿ ಕೂತಿದೆ ಎಂದು ಹತ್ತಿರದಿಂದ ಒಂದು, ಸ್ಪೀಡ್ ಸೆನ್ಸರಿನದು ಒಂದು. ಸೆನ್ಸರ್ ಎಂದರೆ ಪುಲಿಯ ಪಕ್ಕದಲ್ಲಿ ವೈರ್ ಬಂದಿರುವ ಪುಟ್ಟ ತುಂಡು. ಅದರ ಎದುರಿಗೆ ಪುಲಿಯಲ್ಲಿ ಸಣ್ಣ ಅಯಸ್ಕಾಂತ ಇರುತ್ತದೆ. ನಡುವೆ ಹೆಚ್ಚೆಂದರೆ 3 ಮಿ.ಮೀ. ಸಂದು. ಕೆಲಸದ ಗಡಿಬಿಡಿಯಲ್ಲಿ ಇದು ಬಾಗಿದರೆ ಬೆಲ್ಟ್ ಸರಿಯಾಗಿ ಹಾಕಿದರೂ ಮಷೀನ್ ಕೆಲವು ಸೆಕೆಂಡ್ ಓಡಿ ಎರರ್ ತೋರಿಸಿ ನಿಲ್ಲುತ್ತದೆ. ಬೆಲ್ಟ್ ಹಾಕಿದ ಮೇಲೆ ಮೋಟರ್ ಕೆಟ್ಟಿತು ಎಂದು ಹೆದರುವವರ ಮಷೀನಿನಲ್ಲಿ ಎಷ್ಟೋ ಸಲ ಆಗಿರುವುದು ಇಷ್ಟೇ.

## ಹಂತ 3: ಹಿಂದಿನ ಬೋಲ್ಟ್ ಸಡಿಲಿಸಿ, ಸುತ್ತು ಎಣಿಸಿ

ಟ್ರೆಡ್‌ಮಿಲ್‌ನ ಹಿಂಬದಿ ಎರಡೂ ಮೂಲೆಯಲ್ಲಿ ಒಂದೊಂದು ಅಲೆನ್ ಬೋಲ್ಟ್ ಇರುತ್ತದೆ. ರನ್ನಿಂಗ್ ಬೆಲ್ಟನ್ನು ಎಳೆದು ಹಿಡಿದಿರುವುದು ಇವೇ. ಬೋಲ್ಟಿನ ತಲೆಗೂ ಪಕ್ಕದ ಪ್ಲಾಸ್ಟಿಕ್ಕಿಗೂ ಸೇರಿಸಿ ವೈಟ್ನರಿನ ಒಂದು ಗೆರೆ ಎಳೆಯಿರಿ.

ಎಡಕ್ಕೆ, ಅಂದರೆ ಗಡಿಯಾರದ ಮುಳ್ಳಿಗೆ ಉಲ್ಟಾ ತಿರುಗಿಸಿದರೆ ಸಡಿಲ. ಎಡ ಬೋಲ್ಟ್ ಎರಡು ಸುತ್ತು, ಬಲ ಬೋಲ್ಟ್ ಎರಡು ಸುತ್ತು, ಹೀಗೆ ಸಮನಾಗಿ ಬನ್ನಿ. ಒಂದೇ ಕಡೆ ಪೂರ್ತಿ ಬಿಚ್ಚಿದರೆ ರೋಲರ್ ಓರೆಯಾಗಿ ಕಚ್ಚಿಕೊಳ್ಳುತ್ತದೆ. ಬೋಲ್ಟ್ ಪೂರ್ತಿ ಹೊರಗೆ ಬರಬೇಕಿಲ್ಲ, ಮುಂದಿನ ರೋಲರ್ ಎತ್ತುವಷ್ಟು ಸಡಿಲ ಆದರೆ ಸಾಕು. ಎಣಿಸಿದ್ದನ್ನು ನೆನಪಿನಲ್ಲಿ ಇಟ್ಟುಕೊಳ್ಳುತ್ತೇನೆ ಎನ್ನಬೇಡಿ. "ಎಡ 8, ಬಲ 8" ಎಂದು ಚೀಟಿಯಲ್ಲಿ ಬರೆದು ಕಂಬಿಗೆ ಅಂಟಿಸಿ. ನಡುವೆ ಫೋನ್ ಬರುತ್ತದೆ, ಕಾಲಿಂಗ್ ಬೆಲ್ ಆಗುತ್ತದೆ, ಲೆಕ್ಕ ತಪ್ಪಿಹೋಗುತ್ತದೆ.

ಈ ಹಂತ ಬಿಟ್ಟವರು ಡ್ರೈವ್ ಬೆಲ್ಟ್ ಹಾಕಿ ಮುಗಿಸಿ, ಆಮೇಲೆ ರನ್ನಿಂಗ್ ಬೆಲ್ಟ್ ಒಂದು ಪಕ್ಕಕ್ಕೆ ಓಡುವುದನ್ನು ಸರಿಮಾಡುತ್ತ ಇಡೀ ದಿನ ಕಳೆಯುತ್ತಾರೆ.

## ಹಂತ 4: ಮೋಟರಿನ ಬಿಗಿ ಬಿಡಿಸಿ

ಹೆಚ್ಚಿನ ಮಷೀನುಗಳಲ್ಲಿ ಮೋಟರ್ ಕೂತಿರುವ ಬೋಲ್ಟ್‌ಗಳಿಗೆ ಉದ್ದನೆಯ ಸ್ಲಾಟ್ ಇರುತ್ತದೆ, ಜೊತೆಗೆ ಬೆಲ್ಟ್ ಎಳೆಯಲು ಒಂದು ಟೆನ್ಷನ್ ಬೋಲ್ಟ್. ಮೊದಲು ಮೋಟರ್ ಈಗ ಎಲ್ಲಿ ನಿಂತಿದೆ ಎಂದು ಫ್ರೇಮಿನ ಮೇಲೆ ಮಾರ್ಕರಿನಿಂದ ಗೆರೆ ಎಳೆಯಿರಿ. ಕೂತ ಬೋಲ್ಟ್‌ಗಳನ್ನು ಅರ್ಧ ಸುತ್ತು ಸಡಿಲಿಸಿ, ಆಮೇಲೆ ಟೆನ್ಷನ್ ಬೋಲ್ಟ್ ಬಿಡಿಸಿ, ಮೋಟರನ್ನು ರೋಲರ್ ಕಡೆಗೆ ತಳ್ಳಿ. ಬೆಲ್ಟ್ ಸಡಿಲ ಆಗುತ್ತದೆ. ಪುಲಿಯನ್ನು ಕೈಯಿಂದ ಮೆಲ್ಲಗೆ ತಿರುಗಿಸುತ್ತ ಬೆಲ್ಟನ್ನು ಮೋಟರ್ ಪುಲಿಯಿಂದ ಪಕ್ಕಕ್ಕೆ ಜಾರಿಸಿ.

ಮೋಟರ್ ತೂಕದ್ದು. ಪೂರ್ತಿ ಬಿಚ್ಚಬೇಕಾಗಿ ಬಂದರೆ ಅದು ವೈರಿನಲ್ಲಿ ನೇತಾಡದಂತೆ ಕೆಳಗೆ ಮರದ ತುಂಡು ಇಡಿ. ಕೆಲವು ಮೋಟರುಗಳಲ್ಲಿ ಪುಲಿಯ ಹೊರಗಡೆ ದೊಡ್ಡ ಫ್ಲೈವೀಲ್ (ತೂಕದ ಚಕ್ರ) ಇದ್ದು ಬೆಲ್ಟಿಗೆ ಅಡ್ಡ ಬರುತ್ತದೆ. ಅದನ್ನು ಬಿಚ್ಚಲು ಹೋಗಬೇಡಿ. ಎಷ್ಟೋ ಕಡೆ ಅದರ ಥ್ರೆಡ್ ಉಲ್ಟಾ ಇರುತ್ತದೆ, ಬಿಚ್ಚುತ್ತೇನೆಂದು ಇನ್ನಷ್ಟು ಬಿಗಿ ಮಾಡುತ್ತೀರಿ. ಮೋಟರನ್ನು ಇನ್ನೂ ಹತ್ತಿರ ತಂದರೆ ಬೆಲ್ಟ್ ಅದರ ಮೇಲಿಂದಲೇ ದಾಟುತ್ತದೆ.

## ಹಂತ 5: ಮುಂದಿನ ರೋಲರಿನ ತುದಿ ಎತ್ತಿ

ಪುಲಿ ಇರುವ ಕಡೆ (ಸಾಮಾನ್ಯವಾಗಿ ಎಡಗಡೆ) ರೋಲರಿನ ಶಾಫ್ಟನ್ನು (ನಡುವಿನ ಸರಳನ್ನು) ಫ್ರೇಮಿಗೆ ಹಿಡಿದಿರುವ ಬೋಲ್ಟ್ ಪೂರ್ತಿ ತೆಗೆಯಿರಿ. ಇನ್ನೊಂದು ತುದಿಯದನ್ನು ಸಡಿಲ ಮಾತ್ರ ಮಾಡಿ. ವಾಷರ್, ಸ್ಪೇಸರ್ ಬಂದ ಕ್ರಮದಲ್ಲೇ ಬಟ್ಟಲಿಗೆ ಹಾಕಿ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಈ ಬೋಲ್ಟ್ ತುಕ್ಕು ಹಿಡಿದು ಕೂತಿರುತ್ತದೆ. ತುಕ್ಕು ಬಿಡಿಸುವ ಎಣ್ಣೆಯನ್ನು ಸ್ಪ್ರೇ ಮಾಡದೆ, ಬಟ್ಟೆಯ ತುದಿಗೆ ಅದ್ದಿ ಬೋಲ್ಟಿಗೆ ಮಾತ್ರ ಹಚ್ಚಿ ಅರ್ಧ ಗಂಟೆ ಕಾಯಿರಿ. ಪುಲಿಗೆ ಎಣ್ಣೆ ಹಾರಿದರೆ ಹೊಸ ಬೆಲ್ಟೂ ಜಾರುತ್ತದೆ.

ಈಗ ಒಬ್ಬರು ರೋಲರಿನ ಆ ತುದಿಯನ್ನು ಎರಡು ಬೆರಳಷ್ಟು ಎತ್ತಿ ಹಿಡಿಯಲಿ. ಇನ್ನೊಬ್ಬರು ಹಳೆ ಬೆಲ್ಟನ್ನು ಶಾಫ್ಟಿನ ತುದಿಯಿಂದ ಹೊರಗೆ ತೆಗೆಯಲಿ. ಬಳೆ ಕಳಚಿದಷ್ಟೇ ಸುಲಭ. ಎತ್ತಲು ಬಾರದಿದ್ದರೆ ಹಿಂದಿನ ಬೋಲ್ಟ್ ಇನ್ನೆರಡು ಸುತ್ತು ಸಡಿಲಿಸಿ, ಚೀಟಿಯಲ್ಲಿ ಲೆಕ್ಕ ತಿದ್ದಿ. ರೋಲರಿನ ಕೆಳಗೆ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ.

ಹೊಸ ಬೆಲ್ಟ್ ಹಾಕುವ ಮುಂಚೆ ಎರಡು ಕೆಲಸ. ಗ್ರೂವ್‌ಗಳಲ್ಲಿ ಕೂತ ರಬ್ಬರ್ ಪುಡಿಯನ್ನು ಒಣ ಬ್ರಷ್‌ನಿಂದ ಕೆದಕಿ, ಸ್ಪಿರಿಟ್ ಬಟ್ಟೆಯಿಂದ ಒರೆಸಿ. ಆಮೇಲೆ ಮೋಟರಿನ ಪುಲಿಯನ್ನೂ ರೋಲರನ್ನೂ ಕೈಯಿಂದ ತಿರುಗಿಸಿ. ಮರಳು ಸಿಕ್ಕಿದ ಹಾಗೆ ಕರಕರ ಎಂದರೆ ಬೇರಿಂಗ್ ಹೋಗಿದೆ. ಹಳೆ ಬೆಲ್ಟ್ ಬೇಗ ಸವೆಯಲು ಕಾರಣ ಅದೇ ಇದ್ದೀತು, ಹೊಸದಕ್ಕೂ ಅದೇ ಗತಿ ಆಗುತ್ತದೆ.

## ಹಂತ 6: ಹೊಸ ಬೆಲ್ಟ್ ಕೂರಿಸಿ

ರಿಬ್ ಇರುವ ಮೈ ಒಳಗೆ. ಮೊದಲು ರೋಲರಿನ ಶಾಫ್ಟಿಗೆ ತೊಡಿಸಿ, ರೋಲರ್ ಇಳಿಸಿ, ವಾಷರ್ ಸಮೇತ ಬೋಲ್ಟ್ ಹಾಕಿ, ಎರಡೂ ತುದಿ ಬಿಗಿಮಾಡಿ. ಆಮೇಲೆ ಮೋಟರಿನ ಪುಲಿಗೆ ಏರಿಸಿ. ಪುಲಿಯನ್ನು ಕೈಯಿಂದ ತಿರುಗಿಸುವಾಗ ಬೆರಳು ಬೆಲ್ಟಿಗೂ ಪುಲಿಗೂ ನಡುವೆ ಇರಬಾರದು. ಕೈಯಿಂದ ತಿರುಗಿಸಿದರೂ ಉಗುರು ಜಜ್ಜುವಷ್ಟು ಬಲ ಅಲ್ಲಿರುತ್ತದೆ.

ಫೋಟೋ ನೋಡಿ: ಎರಡೂ ಪುಲಿಯಲ್ಲಿ ಬೆಲ್ಟ್ ಅದೇ ಗ್ರೂವ್‌ಗಳಲ್ಲಿ ಕೂತಿದೆಯಾ? ಒಂದು ಗ್ರೂವ್ ಆಚೀಚೆ ಆದರೆ ಬೆಲ್ಟ್ ಓರೆಯಾಗಿ ಓಡಿ ಅಂಚು ಕಿತ್ತುಕೊಳ್ಳುತ್ತದೆ. ಕೈಯಿಂದ ಮೂರು ನಾಲ್ಕು ಸುತ್ತು ತಿರುಗಿಸಿ, ಬೆರಳಿಂದ ಅಂಚು ಸವರಿ ನೋಡಿ. ಎಲ್ಲೂ ಉಬ್ಬು ಇರಬಾರದು.

## ಹಂತ 7: ನೇರ ಮತ್ತು ಬಿಗಿ

ಸ್ಟೀಲ್ ಸ್ಕೇಲನ್ನು ಎರಡೂ ಪುಲಿಗಳ ಪಕ್ಕಕ್ಕೆ ಆನಿಸಿ ಹಿಡಿದು, ಬೆಲ್ಟಿನ ಅಂಚು ಸ್ಕೇಲಿಗೆ ಸಮನಾಗಿ ಹೋಗುತ್ತಿದೆಯೇ ನೋಡಿ. ಮೋಟರ್ ಸ್ವಲ್ಪ ತಿರುಚಿ ಕೂತಿದ್ದರೆ ಇಲ್ಲೇ ಗೊತ್ತಾಗುತ್ತದೆ.

ಈಗ ಟೆನ್ಷನ್ ಬೋಲ್ಟಿನಿಂದ ಬೆಲ್ಟ್ ಎಳೆಯಿರಿ. ಬಿಗಿ ನೋಡಲು ಎರಡು ಪುಲಿಗಳ ನಡುವೆ ಬೆಲ್ಟಿನ ಮಧ್ಯವನ್ನು ಹೆಬ್ಬೆರಳು, ತೋರುಬೆರಳಿಂದ ಹಿಡಿದು ತಿರುಚಿ. 45 ಡಿಗ್ರಿ ಸುಲಭವಾಗಿ ಬರಬೇಕು. 90 ಡಿಗ್ರಿ ಮುಟ್ಟಲು ಬೆರಳಿಗೆ ಬಲ ಬೇಕಾಗಬೇಕು. 90 ದಾಟಿ ಸಲೀಸಾಗಿ ತಿರುಗಿದರೆ ಸಡಿಲ. 45ಕ್ಕೂ ಬಾರದಿದ್ದರೆ ಅತಿ ಬಿಗಿ. ಮೊದಲು ಮಾರ್ಕರ್ ಹಾಕಿದ ಗೆರೆಗೇ ಮೋಟರ್ ಬರಬೇಕೆಂದಿಲ್ಲ, ಹೊಸ ಬೆಲ್ಟ್‌ಗೆ ಜಾಗ ಒಂದಿಷ್ಟು ಬದಲಾಗುತ್ತದೆ.

ಮತ್ತೆ ಜಾರದಿರಲಿ ಎಂದು ಜಾಸ್ತಿ ಎಳೆಯುವುದು ಎಲ್ಲರೂ ಮಾಡುವ ತಪ್ಪು. ಅತಿ ಬಿಗಿಯಾದ ಬೆಲ್ಟ್ ಬೇರಿಂಗ್ ತಿನ್ನುತ್ತದೆ, ಮೋಟರ್ ಹೆಚ್ಚು ಕರೆಂಟ್ ಎಳೆದು ಕಾಯುತ್ತದೆ. ಓಡುವಾಗ ಸಣ್ಣಗೆ ಗೂಂಯ್ ಎನ್ನುವ ಸದ್ದು ಬಂದರೆ ಬಿಗಿ ಜಾಸ್ತಿಯಾಗಿದೆ. ಟೆನ್ಷನ್ ಸರಿಯಾದ ಮೇಲೆ ಮೋಟರ್ ಕೂತ ಬೋಲ್ಟ್‌ಗಳನ್ನು ಬಿಗಿಮಾಡಿ, ಮತ್ತೊಮ್ಮೆ ತಿರುಚಿ ನೋಡಿ. ಬೋಲ್ಟ್ ಬಿಗಿಯುವಾಗ ಮೋಟರ್ ಸರಿಯುವುದುಂಟು.

ಡ್ರೈವ್ ಬೆಲ್ಟಿಗೆ ಮೇಣ, ಪೌಡರ್, ಎಣ್ಣೆ ಏನೂ ಹಚ್ಚಬಾರದು. ಸಿಲಿಕೋನ್ ಎಣ್ಣೆ ಇರುವುದು ರನ್ನಿಂಗ್ ಬೆಲ್ಟಿನ ಅಡಿಯ ಹಲಗೆಗೆ ಮಾತ್ರ.

## ಹಂತ 8: ರನ್ನಿಂಗ್ ಬೆಲ್ಟ್ ಮೊದಲಿನಂತೆ

ಚೀಟಿ ನೋಡಿ, ಅಷ್ಟೇ ಸುತ್ತು ಬಲಕ್ಕೆ, ಎರಡೂ ಕಡೆ ಸಮನಾಗಿ ತಿರುಗಿಸಿ. ವೈಟ್ನರ್ ಗೆರೆ ಕೂಡಬೇಕು. ಬೆಲ್ಟಿನ ಉದ್ದದ ಮಧ್ಯದಲ್ಲಿ ಅಂಚನ್ನು ಕೈಯಿಂದ ಎತ್ತಿದರೆ ಹಲಗೆಯಿಂದ 5ರಿಂದ 7 ಸೆಂ.ಮೀ. ಏಳಬೇಕು.

## ಹಂತ 9: ಓಡಿಸಿ ನೋಡಿ

ಸ್ಕ್ರೂಡ್ರೈವರ್, ಬಟ್ಟೆ ಯಾವುದೂ ಒಳಗೆ ಉಳಿದಿಲ್ಲ ಎಂದು ನೋಡಿಕೊಂಡು ಪ್ಲಗ್ ಹಾಕಿ. ಯಾರೂ ಮೇಲೆ ಹತ್ತದೆ, ಪಕ್ಕದಲ್ಲಿ ನಿಂತು, ಸೇಫ್ಟಿ ಕೀ ದಾರ ಕೈಯಲ್ಲಿ ಹಿಡಿದು ತೀರಾ ಕಡಿಮೆ ವೇಗದಲ್ಲಿ ಶುರು ಮಾಡಿ. ಡ್ರೈವ್ ಬೆಲ್ಟ್ ಪುಲಿಯ ಮೇಲೆ ಆಚೀಚೆ ಸರಿಯದೆ ನಿಲ್ಲಬೇಕು. ಎರಡು ನಿಮಿಷ ಸರಿಯಾಗಿ ಓಡಿದರೆ ನಿಧಾನವಾಗಿ 5 ಕಿ.ಮೀ.ಗೆ ಏರಿಸಿ. ಟಕ್ ಟಕ್ ಎಂದರೆ ಬೆಲ್ಟ್ ಎಲ್ಲೋ ಗ್ರೂವಿನಿಂದ ಏರಿದೆ. ತಕ್ಷಣ ನಿಲ್ಲಿಸಿ, ಪ್ಲಗ್ ತೆಗೆಯಿರಿ.

ರನ್ನಿಂಗ್ ಬೆಲ್ಟ್ ಎಡಕ್ಕೆ ಸರಿಯುತ್ತಿದ್ದರೆ ಹಿಂದಿನ ಎಡ ಬೋಲ್ಟನ್ನು ಕಾಲು ಸುತ್ತು ಬಲಕ್ಕೆ ತಿರುಗಿಸಿ. ಬಲಕ್ಕೆ ಸರಿದರೆ ಬಲ ಬೋಲ್ಟನ್ನು ಕಾಲು ಸುತ್ತು ಬಲಕ್ಕೆ. ಒಂದು ನಿಮಿಷ ಕಾದು ನೋಡಿ ಆಮೇಲೆ ಮತ್ತೆ ಕಾಲು ಸುತ್ತು. ಅವಸರಕ್ಕೆ ಪೂರ್ತಿ ಸುತ್ತು ತಿರುಗಿಸಿದರೆ ಅದು ಇನ್ನೊಂದು ಪಕ್ಕಕ್ಕೆ ಓಡುತ್ತದೆ, ನೀವು ಅದರ ಹಿಂದೆ ಓಡುತ್ತೀರಿ.

ಎಲ್ಲ ಸರಿ ಎನಿಸಿದ ಮೇಲೆ ಪ್ಲಗ್ ತೆಗೆದು ಕವರ್ ಹಾಕಿ, ಆಮೇಲೆಯೇ ಹತ್ತಿ ನಡೆಯಿರಿ. ನಡೆಯುವಾಗ ಮತ್ತೆ ಕಾಲು ಹಿಡಿದು ಬಿಟ್ಟಂತಾದರೆ ಟೆನ್ಷನ್ ಮುಟ್ಟುವ ಮೊದಲು ಚುಕ್ಕೆಯ ಪರೀಕ್ಷೆ ಇನ್ನೊಮ್ಮೆ ಮಾಡಿ. ಈ ಸಲ ಜಾರುತ್ತಿರುವುದು ರನ್ನಿಂಗ್ ಬೆಲ್ಟ್ ಆಗಿರಬಹುದು.

ಐದಾರು ಗಂಟೆ ನಡೆದ ಮೇಲೆ ಹೊಸ ಬೆಲ್ಟ್ ಒಂದಿಷ್ಟು ಸಡಿಲ ಆಗುತ್ತದೆ. ಆಗ ಪ್ಲಗ್ ತೆಗೆದು, 10 ನಿಮಿಷ ಕಾದು, ಕವರ್ ತೆಗೆದು ಅದೇ ತಿರುಚುವ ಪರೀಕ್ಷೆ ಮಾಡಿ. ಕೆಳಗಿನ ಟೈಲ್ಸನ್ನು ಒರೆಸಿಟ್ಟು, ಒಂದು ತಿಂಗಳು ಬಿಟ್ಟು ಮತ್ತೆ ನೋಡಿ. ಅಷ್ಟರಲ್ಲೇ ಕಪ್ಪು ಪುಡಿಯ ಗೆರೆ ಬಿದ್ದಿದ್ದರೆ ಪುಲಿಗಳು ನೇರದಲ್ಲಿಲ್ಲ ಎಂದರ್ಥ. ಹಂತ 7ಕ್ಕೆ ಮರಳಿ, ಸ್ಕೇಲ್ ಹಿಡಿಯಿರಿ.